ಮರಳೂರಿನ ತಿರುವು

ಕಳೆದ ಜನವರಿಯ ಒಂದು ಸಂಜೆ ಅಪ್ಪ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ ದೂರದ ತಿರುವಿನಲ್ಲಿ ಸ್ಕೂಟರ್ ಸಮೇತ ಬಿದ್ದರು. ಮಿಲ್ಲಿನಿಂದ ರಾಗಿ ಹಿಟ್ಟು ಮಾಡಿಸಿಕೊಂಡು ಬರುತ್ತಿದ್ದರು. ತಿರುವಿನ ಪಕ್ಕ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಅವರು ಸುರಿಸಿದ್ದ ಮರಳಿನ ಗುಡ್ಡೆ ದಿನಾ ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಅರ್ಧ ರಸ್ತೆಗೆ ಹರಡಿತ್ತು. ಊರ ಹೆಸರೇ ಮರಳೂರು, ಮರಳಿಗೆ ಜಾರಿ ಬಿದ್ದರೆ ಆಶ್ಚರ್ಯವೇನು ಎಂದು ನೋಡಲು ಬಂದ ನೆಂಟರೊಬ್ಬರು ನಗೆಯಾಡಿದರು. ಅಪ್ಪ ನಗಲಿಲ್ಲ. ಎಡಗಡೆಯ ಕಾಲರ್ ಬೋನ್ ಮುರಿದಿತ್ತು.

ಅಪ್ಪ ನಗದೇ ಇದ್ದುದಕ್ಕೆ ನೋವೊಂದೇ ಕಾರಣವಲ್ಲ. ಅವರು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಕುಣಿಗಲ್ ಮೇಲೆ ಹಾಸನಕ್ಕೆ, ಅಲ್ಲಿಂದ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ, ಕೆಲವು ವರ್ಷ ಆಗುಂಬೆಯ 14 ತಿರುವುಗಳಲ್ಲಿ, ಮಳೆಗಾಲದಲ್ಲಿ, ಮಂಜಿನಲ್ಲಿ. ಒಂದು ಅಪಘಾತವೂ ಇಲ್ಲ. ನಿವೃತ್ತಿಯ ದಿನ ಸಿಕ್ಕ ಶಾಲನ್ನು ಬೀರುವಿನಲ್ಲಿ ಮಡಿಸಿಟ್ಟಿದ್ದಾರೆ. ಅಂಥವರು ಮನೆ ಹತ್ತಿರದ ತಿರುವಿನಲ್ಲಿ, ಹಗಲು ಬೆಳಕಿನಲ್ಲಿ, ಹಿಟ್ಟಿನ ಚೀಲದ ಜೊತೆ ಬಿದ್ದರು.

ಬಿದ್ದದ್ದಕ್ಕೆ ಒಬ್ಬೊಬ್ಬರದು ಒಂದೊಂದು ಕಾರಣ. ಚಿಕ್ಕಪ್ಪ, "ವಯಸ್ಸಾಯ್ತು, ಇನ್ನು ಗಾಡಿ ಮುಟ್ಟಬೇಡ" ಎಂದರು. ಪಕ್ಕದ ಮನೆಯವರು ಜೋರಾಗಿ ಬಂದಿರಬೇಕು ಎಂದರು. "ಇಪ್ಪತ್ತರ ಮೇಲೆ ಹೋಗಿದ್ರೆ ಕೇಳಿ" ಎಂದಷ್ಟೇ ಹೇಳಿ ಅಪ್ಪ ಗೋಡೆ ಕಡೆ ತಿರುಗಿಕೊಂಡರು. ಅಮ್ಮ ಮಾತ್ರ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಮೂಟೆ ಭಾರಕ್ಕೇ ಬಿದ್ದಿದ್ದು. ನಾನೇ ಕಳಿಸಿದ್ದು. ಒಂದೇ ಸಲ ಹದಿನೈದು ಕೆ.ಜಿ. ಬೀಸಿಸ್ಕೊಂಡು ಬನ್ನಿ ಅಂದಿದ್ದು ನಾನೇ." ಅಂದಿನಿಂದ ಮನೆಗೆ ಅಂಗಡಿಯ ಪ್ಯಾಕೆಟ್ ಹಿಟ್ಟು ಬರತೊಡಗಿತು. ಅದರ ಮುದ್ದೆ ಯಾರಿಗೂ ಸೇರುತ್ತಿರಲಿಲ್ಲ. ಯಾರೂ ಹಾಗೆಂದು ಹೇಳುತ್ತಲೂ ಇರಲಿಲ್ಲ.

ನಾನು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನ ಸಂಶೋಧನೆಗೂ ತಿರುವುಗಳಿಗೂ ಸಂಬಂಧವಿಲ್ಲ. ಗಾಜಿನ ಮೇಲೆ ಕೂರಿಸಿದ ತೆಳು ಪದರಗಳ ಹಿಂದೆ ಬಿದ್ದು ನಾಲ್ಕು ವರ್ಷವಾಯಿತು. ಸಂಜೆ ಹೊತ್ತು ಪಿಯುಸಿ ಹುಡುಗರಿಗೆ ಪಾಠ ಹೇಳುತ್ತೇನೆ. ಆ ವಾರ ವೃತ್ತೀಯ ಚಲನೆಯ ಪಾಠ ನಡೆಯುತ್ತಿದ್ದುದು ಕಾಕತಾಳೀಯ. ಹಲಗೆಯ ಮೇಲೆ ಒಂದು ವೃತ್ತ ಬರೆದು, ಅದರ ಅಂಚಿನ ಚುಕ್ಕಿಯಿಂದ ನಡುವಿಗೆ ಒಂದು ಬಾಣ ಎಳೆದು, ಇದು ಕೇಂದ್ರಾಭಿಮುಖ ಬಲ ಎಂದೆ. ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮಿಸ್, ಬಲ ಒಳಗಡೆಗೆ ಅಂತೀರ. ಬಸ್ಸು ತಿರುಗಿದಾಗ ನಾವು ಹೊರಗಡೆ ವಾಲ್ತೀವಲ್ಲ?"

ಎಲ್ಲ ವರ್ಷವೂ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ. ಉತ್ತರ ನನಗೆ ಬಾಯಿಪಾಠ. ನಮ್ಮನ್ನು ಯಾರೂ ಹೊರಗೆ ತಳ್ಳುವುದಿಲ್ಲ. ನಮ್ಮ ಮೈ ಮೊದಲು ಹೋಗುತ್ತಿದ್ದ ದಾರಿಯಲ್ಲೇ ನೆಟ್ಟಗೆ ಹೋಗಲು ನೋಡುತ್ತದೆ. ಬಸ್ಸು ನಮ್ಮ ಕೆಳಗಿನಿಂದ ಒಳಕ್ಕೆ ತಿರುಗುತ್ತದೆ. ಹೊರಗಿನ ಕಿಟಕಿ ಬಂದು ನಮಗೆ ಒರಗುತ್ತದೆಯೇ ಹೊರತು ನಾವು ಕಿಟಕಿಗೆ ಬೀಳುವುದಿಲ್ಲ. ಆ ಕಿಟಕಿ, ಸೀಟು, ಹಿಡಿದ ಕಂಬಿ ಇವೇ ನಮ್ಮನ್ನು ಒಳಕ್ಕೆ ದೂಡಿ ಬಸ್ಸಿನ ಜೊತೆ ತಿರುಗಿಸುತ್ತವೆ.

ಈ ಗೊಂದಲಕ್ಕೆ ಹಳೆಯ ಚರಿತ್ರೆಯಿದೆ. ಡಚ್ ವಿಜ್ಞಾನಿ ಹೈಗನ್ಸ್ 1673ರಲ್ಲಿ ಪ್ರಕಟಿಸಿದ ಲೋಲಕ ಗಡಿಯಾರದ ಪುಸ್ತಕದಲ್ಲಿ ಈ ಬಲವನ್ನು ಹೊರಗಿನ ಕಡೆಯಿಂದಲೇ ನೋಡಿದ. ಕೇಂದ್ರದಿಂದ ಓಡಿಹೋಗುವ ಬಲ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟ. 1687ರ 'ಪ್ರಿನ್ಸಿಪಿಯಾ'ದಲ್ಲಿ ನ್ಯೂಟನ್ ದಿಕ್ಕು ತಿರುಗಿಸಿ, ಕೇಂದ್ರವನ್ನು ಅರಸುವ ಬಲ ಎಂದ. ಪುಸ್ತಕದ ಶುರುವಿನಲ್ಲೇ ಅದನ್ನು ವಿವರಿಸುವಾಗ ಅವನು ಕೊಡುವ ಉದಾಹರಣೆಗಳಲ್ಲಿ ಒಂದು ಕವಣೆ ಕಲ್ಲು. ಓಡುವುದು, ಅರಸುವುದು ಎರಡೂ ಬಿಟ್ಟು ನಮ್ಮ ಪಠ್ಯಪುಸ್ತಕಗಳು 'ಅಭಿಮುಖ' ಎಂದವು. ಮುಖ ಮಾಡಿ ನಿಂತದ್ದು. ಇದೇ ನನಗೆ ಇಷ್ಟ.

ನ್ಯೂಟನ್ನನ ಕವಣೆಯನ್ನು ಓದುವ ಮೊದಲೇ ನಾನು ತಾತನ ಕವಣೆ ನೋಡಿದ್ದೆ. ಗುಬ್ಬಿ ಕಡೆಯ ಹೊಲದಲ್ಲಿ ಜೋಳ ಹಾಲುಗಾಳಾದಾಗ ಗಿಳಿ ಹಿಂಡು ಬೀಳುತ್ತಿತ್ತು. ತಾತ ಅಟ್ಟಣೆ ಮೇಲೆ ನಿಂತು ಕವಣೆ ಬೀಸುತ್ತಿದ್ದರು. ನಾನು ಬೀಸಿದರೆ ಕಲ್ಲು ಎತ್ತಲೋ ಹೋಗುತ್ತಿತ್ತು. ಕಲ್ಲು ಗಿಳಿಯ ದಿಕ್ಕಿಗೆ ಬಂದಾಗ ಹಗ್ಗದ ತುದಿ ಬಿಡುತ್ತಿದ್ದೆ. "ಅಲ್ಲಿ ಬಿಟ್ರೆ ಅಲ್ಲಿಗೆ ಹೋಗಲ್ಲ ಮಗ, ಪಕ್ಕದಲ್ಲಿದ್ದಾಗಲೇ ಬಿಡಬೇಕು" ಎನ್ನುತ್ತಿದ್ದರು. ಸ್ಪರ್ಶರೇಖೆಯ ಪಾಠ ಅಷ್ಟೇ. ಹಿಡಿತ ತಪ್ಪಿದ ಕಲ್ಲು ಕೇಂದ್ರದಿಂದ ದೂರಕ್ಕೆ ಸಿಡಿಯುವುದಿಲ್ಲ, ಆ ಕ್ಷಣದಲ್ಲಿ ಹೋಗುತ್ತಿದ್ದ ದಿಕ್ಕಿನಲ್ಲೇ ನೆಟ್ಟಗೆ ಹೋಗುತ್ತದೆ. ರಾಗಿ ಕಣದಲ್ಲೂ ಅವರು ಮೇಟಿಯ ಪಕ್ಕಕ್ಕೆ ಮುದಿ ಎತ್ತನ್ನೂ ಹೊರಗಡೆಗೆ ಪ್ರಾಯದ್ದನ್ನೂ ಕಟ್ಟುತ್ತಿದ್ದರು. ಸುತ್ತು ಎಲ್ಲಕ್ಕೂ ಒಂದೇ, ಆದರೆ ಹೊರಗಿನದು ಹೆಚ್ಚು ದೂರ ನಡೆಯಬೇಕು. ಕೋನೀಯ ವೇಗ ಒಂದೇ ಇದ್ದಾಗ ರೇಖೀಯ ವೇಗ ತ್ರಿಜ್ಯದ ಜೊತೆ ಹೆಚ್ಚುತ್ತದೆ ಎಂದು ನಾನು ಈಗ ಹಲಗೆ ಮೇಲೆ ಬರೆಯುತ್ತೇನೆ.

ಹುಡುಗರಿಗೆ ನಾನು ಒತ್ತಿ ಹೇಳುವುದು ಒಂದು ಮಾತು. ಕೇಂದ್ರಾಭಿಮುಖ ಬಲ ಎಂಬುದು ಬೇರೆಯದೇ ಜಾತಿಯ ಬಲವಲ್ಲ, ಅದೊಂದು ಹುದ್ದೆ. ಆ ಹುದ್ದೆಯಲ್ಲಿ ಯಾರು ಕೂತಿದ್ದಾರೆ ಎಂದು ಪ್ರತಿಸಲ ಹುಡುಕಬೇಕು. ಕವಣೆಯಲ್ಲಿ ಹಗ್ಗದ ಬಿಗಿತ. ಹಾಸನದ ಇಸ್ರೋ ಕೇಂದ್ರದಿಂದ ನಿಯಂತ್ರಿಸುವ, ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳಿಗೆ ಭೂಮಿಯ ಗುರುತ್ವ. ಚಂದ್ರನಿಗೂ ಅದೇ. ಭೂಮಿಯ ನಡುವಿನಿಂದ ಚಂದ್ರ ನಮಗಿಂತ 60 ಪಟ್ಟು ದೂರ, ಅಲ್ಲಿ ಗುರುತ್ವದ ಎಳೆತ ಇಲ್ಲಿಯದರ 3,600ರಲ್ಲಿ ಒಂದು ಪಾಲು. ಚಂದ್ರನನ್ನು 27 ದಿನ ಚಿಲ್ಲರೆಯಲ್ಲಿ ಒಂದು ಸುತ್ತು ತರಲು ಬೇಕಾದದ್ದೂ ಸರಿಯಾಗಿ ಅಷ್ಟೇ. ಸಪಾಟು ರಸ್ತೆಯ ತಿರುವಿನಲ್ಲಿ ಆ ಹುದ್ದೆ ಟೈರು ಮತ್ತು ಡಾಂಬರಿನ ನಡುವಿನ ಘರ್ಷಣೆಯದು. ಅಂಗೈಯಗಲದ ಎರಡು ಜಾಗ. ಅಷ್ಟರ ಮೇಲೆ ಸ್ಕೂಟರ್ ನಿಂತಿರುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನನ್ನು ಎಲ್ಲರೂ ಸೇರಿ ಮುದುಕರನ್ನಾಗಿ ಮಾಡುತ್ತಿದ್ದರು. ಅಮ್ಮ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ನಾನು ಓದಿದ್ದಕ್ಕೆ ಒಂದು ಸಲವಾದರೂ ಮನೆಗೆ ಉಪಯೋಗವಾಗಲಿ ಎನಿಸಿತು. ಬೆಳಿಗ್ಗೆ ಆರು ಗಂಟೆಗೆ, ಗಾಡಿಗಳು ಶುರುವಾಗುವ ಮುಂಚೆ, ಅಳತೆ ಟೇಪು ಹಿಡಿದು ತಿರುವಿಗೆ ಹೋದೆ. ಹಾಲು ತರುತ್ತಿದ್ದವರು ನಿಂತು ನೋಡಿದರು. ರಸ್ತೆಯ ಬಾಗಿನ ಎರಡು ಬಿಂದುಗಳ ನಡುವೆ 12 ಮೀಟರ್ ದಾರ ಎಳೆದೆ. ದಾರದ ನಡುವಿನಿಂದ ಬಾಗಿಗೆ ಒಂದೂಕಾಲು ಮೀಟರ್. ಲೆಕ್ಕ ಹಾಕಿದರೆ ತ್ರಿಜ್ಯ 15 ಮೀಟರ್.

ಮಿಕ್ಕದ್ದು ಪಿಯುಸಿ ಮಟ್ಟದ ಲೆಕ್ಕ. ಬೇಕಾದ ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗದ ವರ್ಗ, ಭಾಗಿಸು ತ್ರಿಜ್ಯ. ಘರ್ಷಣೆ ಕೊಡಬಲ್ಲ ಗರಿಷ್ಠ ಬಲವೆಂದರೆ ಘರ್ಷಣಾಂಕ ಗುಣಿಸು ತೂಕ. ಎರಡೂ ಕಡೆ ದ್ರವ್ಯರಾಶಿ ಇದೆ, ಎರಡೂ ಕಡೆ ಹೊಡೆದುಹೋಗುತ್ತದೆ. ಹಿಟ್ಟಿನ ಚೀಲ ನೆಟ್ಟಗೆ ಕೂತಿದ್ದರೆ ಅದು ಹದಿನೈದು ಕೆ.ಜಿ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಭಾರ ಹೆಚ್ಚಾದರೆ ತಿರುಗಿಸಲು ಹೆಚ್ಚು ಬಲ ಬೇಕು ನಿಜ, ಆದರೆ ಆ ಭಾರವೇ ಟೈರನ್ನು ಅಷ್ಟು ಹೆಚ್ಚು ಒತ್ತಿ ಹಿಡಿತವನ್ನೂ ಹೆಚ್ಚಿಸುತ್ತದೆ. ಅಮ್ಮ ಖುಲಾಸೆ.

ಒಣ ಡಾಂಬರಿಗೆ ಘರ್ಷಣಾಂಕ 0.7 ಎಂದು ಹಿಡಿದರೆ ಆ ತಿರುವಿನಲ್ಲಿ ಗಂಟೆಗೆ 36 ಕಿ.ಮೀ.ವರೆಗೆ ಹೋಗಬಹುದು. ಮರಳು ಚೆಲ್ಲಿದ ಕಡೆ ಅದನ್ನು 0.3ಕ್ಕೆ ಇಳಿಸಿದೆ. ಮಿತಿ 24 ಕಿ.ಮೀ. ಆಯಿತು. ಮರಳು ಮಿತಿಯ ಮೂರರಲ್ಲಿ ಒಂದು ಪಾಲನ್ನು ನುಂಗಿಬಿಟ್ಟಿತ್ತು. ಖುಷಿಯಾಯಿತು. ಆಮೇಲೆ ಪೆನ್ನು ನಿಂತಿತು. ಅಪ್ಪ ಹೇಳಿದ್ದು ಇಪ್ಪತ್ತು. ಇಪ್ಪತ್ತಕ್ಕೆ ಬೀಳಬಾರದಿತ್ತು.

ನಾನು ಹಿಡಿದ ಅಂಕ ಒಂದಿಷ್ಟು ಹೆಚ್ಚು ಕಡಿಮೆ ಇರಬಹುದು ಎಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಲೆಕ್ಕದ ಹಾಳೆ ಹಿಡಿದು ಅಪ್ಪನ ಮಂಚದ ಹತ್ತಿರ ಹೋಗಿ, ಅವರ ಪರವಾಗಿ ವಾದಿಸಲು ಬಂದವಳಂತೆ ಎಲ್ಲ ವಿವರಿಸಿದೆ. ಮರಳು, ತ್ರಿಜ್ಯ, ಮಿತಿ. ಕೊನೆಗೆ, "ನೀವು ಇಪ್ಪತ್ತೈದು ಮೂವತ್ತರಲ್ಲಿ ಬಂದಿರಬೇಕು ಅಪ್ಪ, ಅದೇನು ದೊಡ್ಡ ವೇಗವಲ್ಲ. ತಪ್ಪು ಮರಳಿಂದು" ಎಂದೆ.

ಅಪ್ಪ ಬಹಳ ಹೊತ್ತು ಹಾಳೆ ನೋಡಿದರು.

"ಇಪ್ಪತ್ತೇ ಕಣಮ್ಮ" ಎಂದರು. ಆಮೇಲೆ, "ಬ್ರೇಕ್ ಹಿಡಿದೆ" ಎಂದರು.

ನಾಯಿಮರಿಯೊಂದು ಮರಳ ಗುಡ್ಡೆಯ ಹಿಂದಿನಿಂದ ಓಡಿಬಂದಿತ್ತು. ತಿರುವಿನ ನಡುವೆ ಮುಂದಿನ ಬ್ರೇಕ್ ಒತ್ತಿ ಹಿಡಿದಿದ್ದರು. "ಮೂವತ್ತೊಂದು ವರ್ಷ ಹೊಸ ಹುಡುಗರಿಗೆ ಹೇಳಿಕೊಟ್ಟಿದ್ದು ಅದೊಂದೇ. ತಿರುವಿಗೆ ಮುಂಚೆ ಇಳಿಸ್ಕೊ, ತಿರುವಿನಲ್ಲಿ ಮುಟ್ಟಬೇಡ. ಆಗುಂಬೆಯಲ್ಲಿ ಒಂದು ದಿನ ಮುಟ್ಟಲಿಲ್ಲ."

ಆ ಸೂತ್ರದ ಹಿಂದಿನ ಲೆಕ್ಕ ನನಗೆ ಗೊತ್ತು. ಘರ್ಷಣೆ ಒಂದೇ ಹುಂಡಿ. ತಿರುಗಲೂ ಅದರಿಂದಲೇ ತೆಗೆಯಬೇಕು, ನಿಲ್ಲಲೂ ಅದರಿಂದಲೇ. ಮರಳಿನ ಮೇಲೆ ಹುಂಡಿಯಲ್ಲಿದ್ದದ್ದು 2.94; ಇಪ್ಪತ್ತರ ವೇಗದಲ್ಲಿ ತಿರುಗುವುದಕ್ಕೇ 2.06 ಖರ್ಚು. ಎರಡೂ ಲಂಬ ದಿಕ್ಕುಗಳಾದ್ದರಿಂದ ಪೈಥಾಗೊರಸನ ಲೆಕ್ಕದಲ್ಲಿ ಬ್ರೇಕಿಗೆ ಉಳಿಯುವುದು ಸುಮಾರು 2.1. ಗಾಬರಿಯಲ್ಲಿ ಹಿಡಿದ ಬ್ರೇಕು ಕೇಳುವುದು ಅದಕ್ಕಿಂತ ಎಷ್ಟೋ ಹೆಚ್ಚು. ಚಕ್ರ ಜಾರುತ್ತದೆ; ಜಾರಿದ ಚಕ್ರಕ್ಕೆ ತಿರುಗಿಸುವ ಶಕ್ತಿಯಿಲ್ಲ; ಗಾಡಿ ಸ್ಪರ್ಶರೇಖೆ ಹಿಡಿಯುತ್ತದೆ. ನನ್ನ ಸಮೀಕರಣ ಸರಿಯಾಗಿತ್ತು. ಆದರೆ ಅಪ್ಪನನ್ನು ಬಿಡಿಸಲು ಒಯ್ದ ಹಾಳೆ ಅವರನ್ನು ಮೂಲೆಗೆ ಒತ್ತಿತ್ತು. ವೇಗದ ಮಾತು ಅವರು ನಿಜವೇ ಹೇಳಿದ್ದರು, ಬ್ರೇಕಿನ ಮಾತನ್ನು ನುಂಗಿದ್ದರು. ಬಿದ್ದದ್ದು ಅವರಿಗೆ ನಾಚಿಕೆಯಾಗಿರಲಿಲ್ಲ, ಕೈ ತಾನಾಗಿ ಬ್ರೇಕಿಗೆ ಹೋಯಿತಲ್ಲ ಎಂಬುದು ನಾಚಿಕೆಯಾಗಿತ್ತು. ಯಾರಾದರೂ ಚೀಲದ ಮೇಲೆ ತಪ್ಪು ಹೊರಿಸಿದರೆ ಅದು ಅಲ್ಲೇ ಇರಲಿ ಎಂದು ಬಿಟ್ಟಿದ್ದರು. ಆ ತಪ್ಪು ಹೋಗಿ ಯಾರ ತಲೆ ಮೇಲೆ ಕೂತಿದೆ ಎಂದು ಬಹುಶಃ ನೋಡಿರಲಿಲ್ಲ. ಹಾಳೆಯಲ್ಲಿ ದ್ರವ್ಯರಾಶಿ ಹೊಡೆದುಹಾಕಿದ ಎರಡು ಗೆರೆಗಳ ಮೇಲೆ ಬೆರಳಿಟ್ಟು ಕೇಳಿದರು, "ಇದು ಚೀಲದ್ದಾ?"

"ಹೂಂ. ಅದಕ್ಕೂ ಬಿದ್ದದ್ದಕ್ಕೂ ಸಂಬಂಧ ಇಲ್ಲ."

ರಾತ್ರಿ ಊಟಕ್ಕೆ ಕೂತಾಗ ಪ್ಯಾಕೆಟ್ ಹಿಟ್ಟಿನ ಮುದ್ದೆ, ಅವರೆಕಾಳು ಸಾರು. ಅಪ್ಪ ಒಂದು ಕೈಯಲ್ಲಿ ಮುದ್ದೆ ಮುರಿಯುತ್ತಾ ತಲೆ ಎತ್ತದೆ ಹೇಳಿದರು: "ಚೀಲದಿಂದ ಅಲ್ಲ ಕಣೇ. ನಾಯಿಮರಿ ಅಡ್ಡ ಬಂತು, ಬ್ರೇಕ್ ಹಿಡಿದುಬಿಟ್ಟೆ."

ಅಮ್ಮ ಸೌಟು ಹಿಡಿದು ನಿಂತಿದ್ದವಳು ಒಂದೇ ಕೇಳಿದಳು. "ಮರಿಗೇನಾಗ್ಲಿಲ್ಲ ತಾನೆ?"

"ಇಲ್ಲ. ಓಡೋಯ್ತು."

"ಸದ್ಯ" ಎಂದು ಸಾರು ಬಡಿಸಿದಳು.

ಎರಡು ತಿಂಗಳಾದ ಮೇಲೆ ಅಪ್ಪ ಮತ್ತೆ ಸ್ಕೂಟರ್ ತೆಗೆದರು. ಹಿಂದೆ ನಾನು ಕೂತಿದ್ದೆ, ಕಾಲ ಬಳಿ ರಾಗಿಯ ಚೀಲ. ಮನೆ ಕೆಲಸ ಇನ್ನೂ ಮುಗಿದಿರಲಿಲ್ಲ, ಮರಳು ಹಾಗೇ ಇತ್ತು. ತಿರುವಿಗೆ ಹತ್ತು ಮಾರು ಇರುವಾಗಲೇ ಅವರು ವೇಗ ಇಳಿಸಿದರು. ನಾನು ಬಗ್ಗಿ ನೋಡಿದೆ. ಬೆರಳುಗಳು ಬ್ರೇಕಿನ ಮೇಲಿರಲಿಲ್ಲ, ಹ್ಯಾಂಡಲ್ ಸುತ್ತ ಬಿಗಿಯಾಗಿ ಮಡಿಚಿಕೊಂಡಿದ್ದವು. ತಿರುವು ದಾಟಿದ ಮೇಲೆ ಒಂದೊಂದಾಗಿ ಸಡಿಲಾದವು.