ಪೇಂಟಿನ ಕೆಳಗಿನ ಲೆಕ್ಕ

ಊರಿನ ಮನೆ ಮಾರೋದು ಅಂತ ಆದಾಗ ನಾನು ಮೊದಲು ಮಾಡಿದ ಕೆಲಸ ಅಂದ್ರೆ ಯೂಟ್ಯೂಬ್ ನೋಡಿದ್ದು. ಅಪ್ಪ ಹೋಗಿ ಎರಡು ವರ್ಷ ಆಗಿತ್ತು. ಅವ್ವ ಬೆಂಗಳೂರಿಗೆ ನನ್ನ ಹತ್ರ ಬಂದಿದ್ದಳು. ಮಸ್ಕಿ ತಾಲ್ಲೂಕಿನ ನಮ್ಮ ಹಳ್ಳಿ ಮನೆಗೆ ಬೀಗ, ನನ್ನ ತಲೆ ಮೇಲೆ ಫ್ಲ್ಯಾಟಿನ ಲೋನು. ಲಿಂಗಸುಗೂರಿನ ಬ್ರೋಕರ್ ಒಬ್ಬರು ಇಬ್ಬರನ್ನು ಕರಕೊಂಡು ಹೋಗಿ ತೋರಿಸಿದ್ದರು. ಇಬ್ಬರೂ ಆಮೇಲೆ ಫೋನ್ ಎತ್ತಲಿಲ್ಲ.

ಹೋಮ್ ಸ್ಟೇಜಿಂಗ್ ಅಂತ ಒಂದು ವಿದ್ಯೆ ಇದೆ. ಮಾರುವ ಮನೆಯನ್ನು ನಾಟಕದ ಸ್ಟೇಜಿನ ಹಾಗೆ ಸಜ್ಜು ಮಾಡೋದು. 1972ರಲ್ಲಿ ಅಮೆರಿಕದ ಸಿಯಾಟಲ್ ಕಡೆ ಬಾರ್ಬ್ ಶ್ವಾರ್ಜ್ ಎಂಬಾಕೆ ಶುರು ಮಾಡಿದ್ದಂತೆ. ಸಾಮಾನು ಕಡಿಮೆ ಮಾಡಬೇಕು, ತಿಳಿ ಬಣ್ಣ ಹೊಡೆಸಬೇಕು, ಮನೆಯವರ ಫೋಟೊ, ದೇವರು, ಗುರುತು ಎಲ್ಲ ತೆಗೀಬೇಕು. ಬಂದವರು ಅಲ್ಲಿ ತಮ್ಮನ್ನೇ ಕಾಣಬೇಕು, ನಮ್ಮನ್ನಲ್ಲ. ಕೋಡ್ ರಿವ್ಯೂಗೆ ಮುಂಚೆ ಹಳೇ ಕಾಮೆಂಟೆಲ್ಲ ಅಳಿಸ್ತೀವಲ್ಲ, ಹಾಗೆ ಅನ್ನಿಸಿತು.

ಸಂಕ್ರಾಂತಿ ಮುಗಿದ ಮೇಲೆ ಒಂದು ವಾರ ರಜೆ ಹಾಕಿ ಅವ್ವನ ಜೊತೆ ಊರಿಗೆ ಹೋದೆ. ಜೋಳ ತುಂಬುತ್ತಿದ್ದ ಡಬ್ಬಿ, ಕೌದಿಗಳ ಗಂಟು, ಮುರಿದ ಕೂರಿಗೆ ಎಲ್ಲ ಚಿಕ್ಕಪ್ಪನ ಮನೆ ಸೇರಿದವು. ಪಡಸಾಲೆಯ ಗೋಡೆಯಿಂದ ಅಪ್ಪನ ಫೋಟೊ ಇಳಿಸಿದೆ. ಅವ್ವ ಏನೂ ಅನ್ನಲಿಲ್ಲ, ಸೆರಗಿನಿಂದ ಗಾಜು ಒರೆಸಿ ಟ್ರಂಕಿನೊಳಗೆ ಇಟ್ಟಳು.

ಒಳಕೋಣೆಯ ಗೋಡೆ ಮೇಲೆ ಅಪ್ಪನ ಲೆಕ್ಕ ಇತ್ತು. ಅಪ್ಪನಿಗೆ ಡೈರಿ ಅಭ್ಯಾಸ ಇರಲಿಲ್ಲ. ಹತ್ತಿ ಎಷ್ಟು ಕ್ವಿಂಟಲ್, ಗೊಬ್ಬರದ ಅಂಗಡಿಗೆ ಎಷ್ಟು ಬಾಕಿ, ಯಾರ ಕೈಗಡ ಎಷ್ಟು, ಎಲ್ಲ ಇದ್ದಿಲಿನಲ್ಲಿ ಸುಣ್ಣದ ಗೋಡೆ ಮೇಲೇ. ನನ್ನ ಬಿಇ ಫೀಸಿನ ಸಾಲವೂ ಅಲ್ಲೇ ಇದ್ದಿರಬೇಕು. ಅದೇ ಗೋಡೆಗೆ ಮಳೆಗಾಲದಲ್ಲಿ ನೀರು ಇಳಿಯುತ್ತಿತ್ತು, ಉಪ್ಪು ಹಿಡಿದು ಗಾರೆ ಉಬ್ಬಿತ್ತು. ಪೇಂಟರ್ ಎರಡು ಕೋಟ್ ಪುಟ್ಟಿ ಬಳಿದು ಐವರಿ ಬಣ್ಣ ಹೊಡೆದ. ಕಲೆಯೂ ಹೋಯಿತು, ಲೆಕ್ಕವೂ ಹೋಯಿತು. ಚಳಿಗಾಲ, ಯಾರಿಗೆ ಗೊತ್ತಾಗಬೇಕು?

(ನಮ್ಮ ಮಸ್ಕಿಯ ಬಂಡೆ ನೆನಪಾಗುತ್ತೆ. ಹೆಚ್ಚಿನ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ ಅಂತಿದ್ದ ರಾಜ ಅಶೋಕನೇ ಅಂತ ಹೇಳಿದ್ದು 1915ರಲ್ಲಿ ಸಿಕ್ಕ ಆ ಶಾಸನ. ಅದನ್ನು ಕಂಡವನು ಬೀಡನ್ ಅಂತ, ಚಿನ್ನದ ಗಣಿಯ ಎಂಜಿನಿಯರ್. ಸದ್ಯ, ಅಲ್ಲಿಗೆ ಯಾರೂ ಪೇಂಟರ್‌ನ ಕರಕೊಂಡು ಹೋಗಿರಲಿಲ್ಲ.)

ಮೊದಲು ಬಂದವರು ಸಿಂಧನೂರಿನ ಅಕ್ಕಿ ವ್ಯಾಪಾರಿ ದಂಪತಿ. ಆಯಮ್ಮ ಖಾಲಿ ಜಗಲಿ ನೋಡಿದರು, ಮೊಳೆಯಷ್ಟೇ ಉಳಿದ ಗೋಡೆ ನೋಡಿದರು. ಗಂಡನಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು: "ಒಂದು ಫೋಟೊ ಇಲ್ಲ, ದೇವ್ರಿಲ್ಲ. ಇದು ಬಾಳೇ ಮಾಡಿದ ಮನಿಯೋ, ಏನರ ಆಗಿ ಬಿಟ್ಟು ಹೋದ ಮನಿಯೋ?" ಚಹಾ ಕೂಡ ಕುಡಿಯದೆ ಹೋದರು.

ಅವತ್ತು ಸಂಜೆ ಅವ್ವ ನನ್ನ ಕೇಳದೆ ಟ್ರಂಕ್ ತೆಗೆದಳು. ಫೋಟೊ ಮೊಳೆಗೆ ಬಂತು, ದೇವರು ಜಗಲಿಗೆ ಬಂದವು. ಬೆಳಿಗ್ಗೆ ಎದ್ದು ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಳು. "ದೀಪ ಇಲ್ಲದ ಮನಿ ಯಾರು ತಗೋತಾರ ಯಪ್ಪಾ?"

ಮೂರನೇ ದಿನ ಹಟ್ಟಿ ಗಣಿಯಲ್ಲಿ ದುಡಿದು ರಿಟೈರ್ ಆದವರೊಬ್ಬರು ಹೆಂಡತಿಯ ಜೊತೆ ಬಂದರು. ಆಕೆಯ ತವರು ನಮ್ಮ ಪಕ್ಕದ ಊರು. ಬ್ರೋಕರ್ ನಮೂನೆ 9, 11ಎ ಎಲ್ಲ ಸರಿ ಇವೆ ಅಂತ ಶುರು ಮಾಡಿದ, ಅವರು ಕೇಳಿಸಿಕೊಳ್ಳಲೇ ಇಲ್ಲ. ಗೋಡೆಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೊರಟರು. ಗಣಿಯೊಳಗೆ ತಲೆ ಮೇಲಿನ ಕಲ್ಲು ಸಡಿಲ ಇದೆಯೋ ಏನೋ ಅಂತ ಹೀಗೇ ತಟ್ಟಿ ಸಪ್ಪಳ ಕೇಳುತ್ತಾರಂತೆ. ಒಳಕೋಣೆಗೆ ಬಂದರು. ಟಕ್ ಟಕ್ ಅಂತಿದ್ದದ್ದು ಒಂದು ಕಡೆ ಡಬ್ ಅಂದಿತು. ಅವರು ನನ್ನ ಮುಖ ನೋಡಿದರು. ನಾನು ಫೋನ್ ನೋಡಿದೆ.

"ಅಲ್ಲಿ ಮಳಿಗಾಲದಾಗ ಸೋರತೈತ್ರೀ ಅಣ್ಣಾರ," ಅವ್ವ ಬಾಗಿಲಲ್ಲೇ ನಿಂತು ಅಂದಳು. "ಮ್ಯಾಲ ಮಾಳಿಗಿ ಕಡೆ ಸೀಳೈತಿ. ನಮ್ಮವರು ಪ್ರತಿ ವರ್ಷ ಮಣ್ಣು ಬಡೀತಿದ್ರು. ಈಗ ಇವ ಬಣ್ಣ ಬಡಿಸ್ಯಾನ."

ಬ್ರೋಕರ್ ಹಣೆ ಚಚ್ಚಿಕೊಂಡ. ಅವರು ಮಾತ್ರ ನಕ್ಕರು. "ಮೂವತ್ತು ವರ್ಷ ಕ್ವಾರ್ಟರ್ಸ್‌ನ್ಯಾಗ ಇದ್ದೀವಿ ತಮ್ಮಾ, ಸೋರದ ಮನಿ ನಾನೂ ನೋಡಿಲ್ಲ." ಆದರೂ ಗೋಡೆಯ ರಿಪೇರಿ ಅಂತ ಐವತ್ತು ಸಾವಿರ ಕಡಿಮೆ ಮಾಡಿಸಿದರು. ಮೂರು ವಾರಕ್ಕೆ ಲಿಂಗಸುಗೂರಿನಲ್ಲಿ ನೋಂದಣಿ ಮುಗಿಯಿತು.

ರಾತ್ರಿ ಬೆಂಗಳೂರಿನ ಬಸ್ಸು ಹತ್ತಿದೆವು. ನನ್ನ ಫೋನಿನಲ್ಲಿ 'ಬಿಫೋರ್' ಅಂತ ತೆಗೆದ ಒಂದೇ ಒಂದು ಫೋಟೊ ಉಳಿದಿತ್ತು. ಪೇಂಟರ್‌ಗೆ ಕಲೆ ತೋರಿಸಲು ತೆಗೆದದ್ದು, ಓರೆಯಾಗಿ, ಬೆಳಕಿಲ್ಲದೆ. ಮೂಲೆಯಲ್ಲಿ ಅಪ್ಪನ ಒಂದು ಸಾಲು ಅರ್ಧ ಕಾಣುತ್ತಿತ್ತು. ಜೂಮ್ ಮಾಡಿ ಅವ್ವನಿಗೆ ತೋರಿಸಿದೆ. "ಹತ್ತಿ 14 ಅಂತ ಇದೆ ನೋಡು."

ಅವ್ವನಿಗೆ ಅಕ್ಷರ ಬರಲ್ಲ, ಅಂಕಿ ಬರುತ್ತೆ. ಫೋನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"14 ಅಲ್ಲೋ, 19 ಅದು. ಆ ವರ್ಷ ಮಳಿ ಚಲೋ ಆಗಿತ್ತು."