ಬೇಸಗೆಯ ರಜೆಗೊಂದು ನಾದದ ಊರು: ಮಿರಜ

ವಾರ್ಷಿಕ ಪರೀಕ್ಷೆ ಮುಗಿದು ಶಾಲೆಯ ಬಾಗಿಲು ಮುಚ್ಚುತ್ತಲೇ ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ಕನ್ನಡ ಮನೆಗಳಲ್ಲಿ ಎರಡು ವಾದಗಳು ಒಟ್ಟಿಗೇ ಏಳುತ್ತವೆ. ರಜೆಗೆ ಎಲ್ಲಿಗೆ ಹೋಗುವುದು ಎಂಬುದು ಒಂದು. ದಾರಿಯಲ್ಲಿ ಯಾರ ಹಾಡು ಕೇಳುವುದು ಎಂಬುದು ಇನ್ನೊಂದು. ಅಜ್ಜಿಗೆ ತತ್ತ್ವಪದವೂ ಭಜನೆಯೂ ಬೇಕು, ತಂದೆಗೆ ಹಳೆಯ ನಾಟಕದ ಹಾಡು ಬೇಕು, ಮಕ್ಕಳಿಗೆ ಹೊಸ ಸಿನಿಮಾದ ಕುಣಿತದ ಗೀತೆಯೇ ಆಗಬೇಕು. ಈ ವ್ಯಾಜ್ಯಕ್ಕೆ ತೀರ್ಪು ಕೊಡುವುದು ಯಾರಿಂದಲೂ ಆಗದು. ಅಭಿರುಚಿಯು ಆಜ್ಞೆಗೆ ಬಗ್ಗುವ ವಸ್ತುವಲ್ಲ. ಹತ್ತಿರ ಕುಳಿತು ಕೇಳಿದಾಗ ಅದು ತಾನಾಗಿ ಬೆಳೆಯುತ್ತದೆ. ಹಾಗೆ ಕೇಳಲು ತಕ್ಕ ಊರೊಂದು ಗಡಿಯ ಈಚೆಗೇ, ಸಾಂಗಲಿ ಜಿಲ್ಲೆಯಲ್ಲಿದೆ. ಅದು ಮಿರಜ.

ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರಗಳ ಕಡೆಯಿಂದ ಬರುವ ಹಳಿಗಳು ಇಲ್ಲಿ ಕೂಡುತ್ತವೆ. ಬಹುಮಂದಿ ಮಿರಜವನ್ನು ಗಾಡಿ ಬದಲಿಸುವ ಊರೆಂದೋ, ಆಸ್ಪತ್ರೆಗಳ ಊರೆಂದೋ ಬಲ್ಲರು. ಹಳೆಯ ಶಾಸನಗಳು ಇದನ್ನು ‘ಮಿರಿಂಜೆ’ ಎಂದು ಕರೆದಿವೆ. ಪೇಟೆಯೊಳಗೆ ನಡೆದು ಖ್ವಾಜಾ ಮೀರಾಸಾಹೇಬರ ದರ್ಗಾದ ಬಳಿಗೆ ಬಂದರೆ ಸಿತಾರಮೇಕರರ ಗಲ್ಲಿ ಎದುರಾಗುತ್ತದೆ. ಸಿತಾರ, ತಂಬೂರಿಗಳನ್ನು ಕೈಯಿಂದ ಮಾಡುವವರ ಅಂಗಡಿಗಳು ಇಲ್ಲಿವೆ.

ಇವರ ಪೂರ್ವಿಕರು ಶಿಕಲಗಾರರು. ಕತ್ತಿ, ಬಾಕುಗಳಿಗೆ ಸಾಣೆ ಹಿಡಿದು ಬದುಕಿದವರು. ಅರಸೊತ್ತಿಗೆಯ ಕಾಳಗಗಳು ನಿಂತು ಆಯುಧಗಳಿಗೆ ಬೇಡಿಕೆ ತಗ್ಗಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫರೀದಸಾಹೇಬರೆಂಬವರು ವಾದ್ಯಗಳ ಕೆಲಸಕ್ಕೆ ಕೈಹಾಕಿದರು. ಆಯುಧ ಬಲ್ಲ ಕೈಗಳು ನಾದಕ್ಕೆ ತಿರುಗಿದ ಈ ಸಂಗತಿಯೊಂದನ್ನೇ ಮಕ್ಕಳಿಗೆ ಹೇಳಿದರೂ ಪ್ರವಾಸ ಸಾರ್ಥಕ.

ತಂಬೂರಿಯ ಹೊಟ್ಟೆ ಒಣಗಿದ ಬುರುಡೆಕಾಯಿ. ಅದು ಬೆಳೆಯುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆಗಳ ಕಡೆಯ ಹೊಲಗಳಲ್ಲಿ. ಕಾಯನ್ನು ತಿಂಗಳುಗಟ್ಟಲೆ ಒಣಗಿಸಿ, ಕೊಯ್ದು, ನೀರಿನಲ್ಲಿ ನೆನೆಸಿ, ಬಾಯಗಲಿಸಿ ಆಕಾರಕ್ಕೆ ತರುತ್ತಾರೆ. ಬಳಿಕ ಮರದ ದಂಡಿಗೆ, ಮೇಲ್ಹಲಗೆ, ಕೆತ್ತನೆ, ಮೆರುಗು. ಕಡೆಗೆ ಉಳಿಯುವುದು ಅತ್ಯಂತ ನಾಜೂಕಿನ ಕೆಲಸ: ತಂತಿಗಳನ್ನು ಹೊತ್ತ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಇಳಿಜಾರು ಮಾಡುವುದು. ಇದಕ್ಕೆ ‘ಜವಾರಿ’ ಎಂದು ಹೆಸರು. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ನೆಲದ ತಳಿಯ ಬೀಜ, ನೆಲದ ತಳಿಯ ಕೋಳಿ. ಇಲ್ಲಿ ಅರ್ಥ ಬೇರೆ. ಜವಾರಿ ತೆಗೆದು, ತಂತಿಯ ಅಡಿಗೆ ಹತ್ತಿಯ ಎಳೆಯೊಂದನ್ನು ಸರಿಯಾದ ಜಾಗಕ್ಕೆ ಸರಿಸಿದೊಡನೆ, ಸಪ್ಪೆಯಾಗಿದ್ದ ತಂತಿ ದುಂಬಿಯಂತೆ ಮೊರೆಯುತ್ತದೆ. ಆ ಕ್ಷಣವನ್ನು ಮಕ್ಕಳು ಕಣ್ಣಾರೆ ಕಂಡು, ಕಿವಿಯಾರೆ ಕೇಳಬೇಕು.

2024ರಲ್ಲಿ ಮಿರಜದ ಸಿತಾರ ಹಾಗೂ ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 1999ರ ಅಧಿನಿಯಮದ ಪ್ರಕಾರ ಈ ನೋಂದಣಿ 10 ವರ್ಷ ಊರ್ಜಿತವಿದ್ದು, ಮುಂದೆ ನವೀಕರಿಸಿಕೊಳ್ಳಬಹುದು. ಬೇರೆಡೆ ಮಾಡಿದ ವಾದ್ಯವನ್ನು ಮಿರಜದ್ದೆಂದು ಮಾರುವುದಕ್ಕೆ ಇದು ತಡೆ. ಆದರೆ ಕಾನೂನು ಕಾಯಬಲ್ಲದ್ದು ಹೆಸರನ್ನು ಮಾತ್ರ. ತಂಬೂರಿಯ ಶ್ರುತಿ ಈಗ ಮೊಬೈಲಿನಲ್ಲೇ ಸಿಗುತ್ತದೆ. ನಿಜವಾದ ತಂತಿಗೂ ಅದಕ್ಕೂ ಇರುವ ಅಂತರವನ್ನು ಗುರುತಿಸುವ ಕಿವಿಗಳು ಇಲ್ಲವಾದರೆ ಗಲ್ಲಿಯ ಉಳಿಗಳು ತಾವಾಗಿಯೇ ಸುಮ್ಮನಾಗುತ್ತವೆ.

ಗಡಿಯ ಕನ್ನಡಿಗರು ಈ ಊರನ್ನು ತಮ್ಮದೆನ್ನಲು ಇನ್ನೊಂದು ಕಾರಣವಿದೆ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರು. ಅವರಿಗೆ ಗ್ವಾಲಿಯರ್ ಪದ್ಧತಿಯ ಗಾಯನವನ್ನು ಕಲಿಸಿದವರು ಮಿರಜದ ನೀಲಕಂಠಬುವಾ. ಗದುಗಿನ ಪಂಚಾಕ್ಷರಿ ಗವಾಯಿಗಳೂ ಇದೇ ಗುರುವಿನ ಶಿಷ್ಯರು. ಮನಸೂರರು ಮುಂದೆ ಜೈಪುರ ಘರಾಣೆಯತ್ತ ಹೊರಳಿದರು, ವಚನಗಳನ್ನೂ ಹಾಡಿದರು. ನಾಟಕದ ಹಾಡು, ಖಯಾಲು, ವಚನ ಇವು ಒಬ್ಬರ ಕಂಠದಲ್ಲೇ ಜಗಳವಿಲ್ಲದೆ ಬಾಳಿದವು.

ದರ್ಗಾದ ಆವರಣದಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ಕರೀಮಖಾನರ ಸಮಾಧಿಯಿದೆ. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಅವರು ಮಿರಜದಲ್ಲಿ ನೆಲೆಸಿದರು. ಕರ್ನಾಟಕ ಸಂಗೀತವನ್ನೂ ಪ್ರೀತಿಯಿಂದ ಅರಿತು, ತ್ಯಾಗರಾಜರ ಕೀರ್ತನೆಯನ್ನು ಧ್ವನಿಮುದ್ರಿಕೆಗೆ ಹಾಡಿದರು. 1937ರಲ್ಲಿ ಪಾಂಡಿಚೇರಿಯ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು; ದೇಹವನ್ನು ಇಲ್ಲಿಗೇ ತಂದರು. ಉರುಸಿನ ಹೊತ್ತಿಗೆ ಇಲ್ಲಿ ಅವರ ಸ್ಮರಣೆಯ ಸಂಗೀತೋತ್ಸವ ನಡೆಯುತ್ತದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಾದರೋ, ಖಾನರ ಠುಮರಿಯೊಂದರ ತಟ್ಟೆಯನ್ನು ಬಾಲ್ಯದಲ್ಲಿ ಕೇಳಿ ಮರುಳಾಗಿ, 11ನೆಯ ವಯಸ್ಸಿನಲ್ಲಿ ಗುರುವನ್ನರಸುತ್ತ ಮನೆ ಬಿಟ್ಟರು. ಕೊನೆಗೆ ಸವಾಯಿ ಗಂಧರ್ವರಲ್ಲಿ ನೆಲೆ ಕಂಡರು. ಇಂದಿನ ಮಕ್ಕಳು ಮನೆ ಬಿಡಬೇಕಾಗಿಲ್ಲ; ಒಂದು ದಿನದ ಮಟ್ಟಿಗೆ ತಂದೆತಾಯಿಯರೇ ಕರೆದೊಯ್ದರೆ ಸಾಕು.

ಮೇ ತಿಂಗಳ ಬಿಸಿಲು ಕಠಿಣ. ಬೆಳಗಿನ ಗಾಡಿಗೇ ಹೊರಡುವುದು ಲೇಸು. ಕುಶಲಕರ್ಮಿಗಳ ಕೆಲಸಕ್ಕೆ ಅಡ್ಡಿಯಾಗದಂತೆ ಅಪ್ಪಣೆ ಪಡೆದು ಕುಳಿತುಕೊಳ್ಳಬೇಕು. ಅನುಮತಿಯಿಲ್ಲದೆ ತಂತಿ ಮುಟ್ಟಬಾರದು. ಕನ್ನಡ ಶಾಲೆಯ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆದವರು. ಪ್ರಶ್ನೆ ಕೇಳಲು ಭಾಷೆ ತೊಡಕಾಗದು. ಎರಡು ನುಡಿಗಳ ನಡುವೆ ಬೆಳೆಯುವುದು ಕೊರತೆಯಲ್ಲ, ಬಂಡವಾಳ ಎಂಬುದನ್ನು ಅವರು ಇಲ್ಲಿ ತಾವೇ ಕಂಡುಕೊಂಡಾರು.

ಮರಳುವಾಗ ಹಾಡಿನ ವ್ಯಾಜ್ಯ ಮತ್ತೆ ಎದ್ದೇ ಏಳುತ್ತದೆ. ಅದಕ್ಕೊಂದು ಸುಲಭದ ರಾಜಿಯುಂಟು. ಪ್ರತಿಯೊಬ್ಬರಿಗೂ ಒಂದೊಂದು ಹಾಡಿನ ಸರದಿ. ಅದು ಮುಗಿಯುವವರೆಗೆ ಉಳಿದವರು ನಗದೆ, ಮಾತಾಡದೆ ಕೇಳಬೇಕು. ಅಜ್ಜಿಯೂ ಸಿನಿಮಾ ಗೀತೆಯನ್ನು ಪೂರ್ತಿ ಕೇಳಬೇಕು. ಖಾನರ ಕಾಲದ ತಟ್ಟೆಗಳಲ್ಲಿ ಒಂದೊಂದು ಮಗ್ಗುಲಿಗೆ ಸುಮಾರು 3 ನಿಮಿಷದ ಗಾಯನವಷ್ಟೇ. ಅಷ್ಟು ಹೊತ್ತು ಸುಮ್ಮನಿರುವುದು ಚಿಕ್ಕ ಮಕ್ಕಳಿಗೂ ಸಾಧ್ಯ.