‘ಉದಾಸೀನ ಆಗ್ತದೆ’ ಎನ್ನುವ ಮಗು



2021ರ ನವೆಂಬರ್ 1ರಂದು ಕೇರಳದ ಶಾಲೆಗಳು ಮತ್ತೆ ತೆರೆದವು. 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಬಾಗಿಲುಗಳವು. ಒಂದರಿಂದ ಏಳನೆಯವರೆಗಿನ ಮಕ್ಕಳೂ ಹತ್ತು, ಹನ್ನೆರಡನೆಯ ತರಗತಿಯವರೂ ಮೊದಲು ಬಂದರು. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬೆಂಚು ತೊಳೆಯುವ, ಬಾವಿ ಶುಚಿಗೊಳಿಸುವ, ಅಂಗಳದ ಪಾಚಿ ಕೆರೆಯುವ ಕೆಲಸ ಅದಕ್ಕೂ ಮುನ್ನ ಸಾಗಿತ್ತು. ಆ ದಿನಗಳಲ್ಲಿ ನಿಮ್ಮಿಂದ ನನಗೆ ಬಂದ ಕರೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು: “ಕಲಿತದ್ದೆಲ್ಲ ಮರೆತುಹೋಗಿದೆ, ಇನ್ನು ಹೇಗೆ ಟೀಚರ್?” ಪಾಠದ ಚಿಂತೆ ನನಗೂ ಉಂಟು. ಆದರೆ ಇಲ್ಲಿ ನಾನು ನಿಮ್ಮಲ್ಲಿ ಹೇಳಹೊರಟಿರುವುದು ಮಕ್ಕಳ ಮನಸ್ಸಿನ ಮಾತು. ಅದರಲ್ಲೂ ಅವರು ಅದನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆ ಎಂಬ ಮಾತು.

‘ಉದಾಸೀನ’ ಎಂಬ ಶಬ್ದವನ್ನು ನೋಡಿ. ಘಟ್ಟದ ಮೇಲಿನವರಿಗೆ ಅದು ಅಲಕ್ಷ್ಯ. ನಮ್ಮ ಸೀಮೆಯಲ್ಲಿ ಅದರ ಅರ್ಥವ್ಯಾಪ್ತಿ ಬೇರೆಯೇ: ಸೋಮಾರಿತನ, ಬೇಸರ, ಏನೂ ಬೇಡವೆನಿಸುವ ಜಡತೆ, ಎಲ್ಲವೂ ಅದರಲ್ಲಿ ಅಡಕ. ಶಾಲೆ ಮುಚ್ಚಿದ್ದ ಒಂದೂವರೆ ವರ್ಷದಲ್ಲಿ ಮಕ್ಕಳೊಡನೆ ಫೋನಿನಲ್ಲಿ ಮಾತಾಡುವಾಗ ನಾನು ಅತಿ ಹೆಚ್ಚು ಕೇಳಿದ ವಾಕ್ಯ, “ಎಂತದ್ದೋ ಉದಾಸೀನ ಆಗ್ತದೆ ಟೀಚರ್.” ಹಿಂದೆಯೇ ತಾಯಿಯ ಧ್ವನಿ: “ಅದೇ, ಬರೀ ಉದಾಸೀನ ಅವನಿಗೆ, ಮೊಬೈಲ್ ಒಂದು ಇದ್ದರೆ ಸಾಕು.” ಮಗು ಹೇಳಿದ ಉದಾಸೀನವೂ ತಾಯಿ ಹೇಳಿದ ಉದಾಸೀನವೂ ಒಂದೇ ಅಲ್ಲ. ‘ಮಾನಸಿಕ ಒತ್ತಡ’ ಎಂಬ ಮಾತನ್ನು ಎಂಟು ವರ್ಷದ ಮಗು ಎಂದೂ ಆಡದು. ಅದರ ಬಳಿ ಇರುವುದು ಈ ಒಂದು ಶಬ್ದ. ಅದನ್ನು ನಾವು ಬೈಗುಳವಾಗಿ ಹಿಂದಿರುಗಿಸಿದರೆ ನಾಳೆ ಅದನ್ನೂ ಹೇಳುವುದಿಲ್ಲ.

ಇನ್ನೊಂದು ಬಗೆಯ ಮೌನವನ್ನೂ ನಾನು ಕಂಡಿದ್ದೇನೆ. ಮಕ್ಕಳ ಕ್ಷೇಮ ವಿಚಾರಿಸಲು ಮನೆಗಳಿಗೆ ಆಪ್ತಸಮಾಲೋಚಕರ ಕರೆಗಳು ಬಂದವು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಕರೆ ಮಲೆಯಾಳದಲ್ಲಿ. ನಮ್ಮ ಆರನೆಯ ತರಗತಿಯ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆಲ್ಲ “ಕುಳಪ್ಪಮಿಲ್ಲ” ಎಂದಳು, ತೊಂದರೆಯೇನಿಲ್ಲ ಎಂದು. ಅಂಗಡಿಗೆ, ಬಸ್ಸಿಗೆ, ಆಟಕ್ಕೆ ಸಾಲುವಷ್ಟು ಮಲೆಯಾಳ ಅವಳಿಗೆ ಸಲೀಸು. ಅಳಲನ್ನು ಆಡಿಕೊಳ್ಳುವಷ್ಟು ಬಾರದು. ಎರಡು ದಿನ ಕಳೆದು ನಾನು ಕನ್ನಡದಲ್ಲಿ ವಿಚಾರಿಸಿದಾಗ, ರಾತ್ರಿ ದೀಪ ಆರಿಸಿದರೆ ಉಸಿರು ಕಟ್ಟುತ್ತದೆಂದೂ ತಾನು ಮಲಗಿದರೆ ಅಜ್ಜಿ ಸತ್ತುಹೋಗುತ್ತಾಳೆ ಅನ್ನಿಸುತ್ತದೆಂದೂ ಹೇಳಿದಳು. ಅಜ್ಜಿ ಇದ್ದದ್ದು ವಿಟ್ಲದಲ್ಲಿ. ತಲಪಾಡಿಯ ಗಡಿ ಮುಚ್ಚಿದ್ದು, ಒಳದಾರಿಗಳಿಗೂ ಮಣ್ಣು ಸುರಿದದ್ದು, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ನಮ್ಮವರು ದಾರಿಯಲ್ಲೇ ತಡೆಯಲ್ಪಟ್ಟದ್ದು, ಇವನ್ನೆಲ್ಲ ಹಿರಿಯರು ಜಗಲಿಯಲ್ಲಿ ಕುಳಿತು ಚರ್ಚಿಸುವಾಗ ಮಕ್ಕಳು ಕೇಳಿಸಿಕೊಂಡಿದ್ದಾರೆ. ಎರಡು ಬೇಸಗೆ ಅಜ್ಜನಮನೆ ಕಾಣದ ಮಗುವಿಗೆ ಗಡಿ ಎಂಬುದು ಭೂಪಟದ ಗೆರೆಯಾಗಿ ಉಳಿದಿಲ್ಲ.

ಹಾಗಾದರೆ ಏನನ್ನು ಗಮನಿಸಬೇಕು? ಸಣ್ಣ ಮಕ್ಕಳಲ್ಲಿ ಸಂಕಟ ಮಾತಿಗಿಂತ ಮೊದಲು ಮೈಯಲ್ಲಿ ಕಾಣಿಸುತ್ತದೆ. ಬೆಳಗಿನ ಹೊತ್ತು ಹೊಟ್ಟೆನೋವು, ತಲೆನೋವು. ವೈದ್ಯರು ನೋಡಿದರೆ ಏನೂ ಇಲ್ಲ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳುವುದು, ಅಮ್ಮ ಬಾವಿಕಟ್ಟೆಗೆ ಹೋದರೂ ಸೆರಗು ಬಿಡದಿರುವುದು, ಕೈಯ ಚರ್ಮ ಸುಲಿಯುವವರೆಗೆ ತೊಳೆಯುವುದು. ದೊಡ್ಡ ಮಕ್ಕಳಲ್ಲಿ ದುಃಖ ಬಹಳ ಸಲ ಸಿಟ್ಟಿನ ವೇಷದಲ್ಲಿ ಬರುತ್ತದೆ. ಎಂತ ಕೇಳಿದರೂ ಸಿಡುಕು. ರಾತ್ರಿ ಎರಡರವರೆಗೆ ಮೊಬೈಲ್ ಹಿಡಿದವನನ್ನು ಮೊಬೈಲ್ ನಿದ್ದೆಗೆಡಿಸಿತೋ, ನಿದ್ದೆ ಬಾರದ್ದರಿಂದ ಅವನು ಮೊಬೈಲ್ ಹಿಡಿದನೋ ಎಂದು ಒಮ್ಮೆ ಯೋಚಿಸಿ. ಊಟ ತೀರ ಕಡಿಮೆಯಾಗುವುದು ಅಥವಾ ಅತಿಯಾಗುವುದು, ಚೆಂಡೆಯ ಸದ್ದು ಕೇಳಿದರೆ ಕುಣಿಯುತ್ತಿದ್ದವನು ಯಕ್ಷಗಾನದ ಹೆಸರೆತ್ತಿದರೂ ಎದ್ದು ಹೋಗುವುದು, ಗೆಳೆಯರ ಕರೆಗೆ ಉತ್ತರಿಸದಿರುವುದು, ಇವು ಒಂದೆರಡು ದಿನ ಇದ್ದು ಹೋದರೆ ಗಾಬರಿ ಬೇಡ. ಎರಡು ವಾರ ದಾಟಿಯೂ ಉಳಿದರೆ, ನಿತ್ಯದ ನಡೆಗೆ ಅಡ್ಡಿಯಾದರೆ, ಸಹಾಯ ಕೇಳುವ ಸಮಯವಾಯಿತೆಂದು ತಿಳಿಯಿರಿ.

ಆದರೆ ಕೆಲವು ಮಾತುಗಳಿಗೆ ಎರಡು ವಾರದ ಲೆಕ್ಕವಿಲ್ಲ. “ನಾನಿಲ್ಲದಿದ್ದರೆ ನಿಮಗೆ ಒಳ್ಳೆಯದು”, “ನನ್ನಿಂದ ಎಲ್ಲರಿಗೂ ಭಾರ” ಎಂಬಂಥವು; ಪ್ರೀತಿಯ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚಿಬಿಡುವುದು; ಕೈಗೆ ಗಾಯ ಮಾಡಿಕೊಳ್ಳುವುದು. ಅಂದೇ ಕುಳಿತು ನೇರವಾಗಿ ಕೇಳಿ: “ಸಾಯಬೇಕು ಅಂತ ಅನ್ನಿಸ್ತದಾ ಮಗಾ?” ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಬಲವಾಗಿದೆ. ತಜ್ಞರ ಅನುಭವ ಹಾಗಿಲ್ಲ. ಕೇಳಿದ್ದರಿಂದ ಮಗುವಿಗೆ ಹಗುರವಾಗುವುದೇ ಹೆಚ್ಚು. ಕೇಳಿದ ಬಳಿಕ ಒಬ್ಬರನ್ನೇ ಬಿಡಬೇಡಿ. ತೋಟದ ಔಷಧಿ ಡಬ್ಬಗಳನ್ನು ಬೀಗ ಹಾಕಿಡಿ. 2020ರ ಮಾರ್ಚ್ 25ರಿಂದ ಜುಲೈ ಆರಂಭದವರೆಗೆ ಕೇರಳದಲ್ಲಿ ಹದಿನೆಂಟು ತುಂಬದ 66 ಮಕ್ಕಳು ತಾವೇ ಜೀವ ಕಳೆದುಕೊಂಡರೆಂದು ಮುಖ್ಯಮಂತ್ರಿಗಳೇ ಹೇಳಿದ್ದರು.

ಕೇಳುವ ಭಾಷೆ ಮನೆಯದ್ದಾಗಿರಲಿ. ನಮ್ಮಲ್ಲಿ ಕನ್ನಡ ಶಾಲೆಯ ಮಗುವಿನ ಮನೆಮಾತು ತುಳುವಾಗಿರಬಹುದು, ಹವ್ಯಕ ಕನ್ನಡ, ಕೊಂಕಣಿ, ಮರಾಠಿಯಾಗಿರಬಹುದು, ಅದರಲ್ಲೇ ಕೇಳಿ. ವಿಚಾರಣೆಗೆಂಬಂತೆ ಎದುರು ಕುಳ್ಳಿರಿಸಬೇಡಿ. ಅಡಿಕೆ ಸುಲಿಯುವಾಗ, ಬೀಡಿ ಕಟ್ಟುವಾಗ, ಕಣ್ಣಿಗೆ ಕಣ್ಣು ಕೂಡದ ಹೊತ್ತಿನಲ್ಲಿ ಮಕ್ಕಳು ಹೆಚ್ಚು ಮಾತಾಡುತ್ತಾರೆ. “ನಮ್ಮ ಕಾಲದಲ್ಲಿ ಸಿಡುಬು, ಬರಗಾಲ ಎಲ್ಲ ಇತ್ತು, ನಾವು ಬದುಕಲಿಲ್ಲವಾ?” ಎಂದು ಶುರುಮಾಡುವ ಹಿರಿಯರು ಇದ್ದರೆ ಅವರಿಗೆ ಒಂದು ಲೋಟ ಚಹಾ ಕೊಟ್ಟು ಬೇರೆ ಕೋಣೆಯಲ್ಲಿ ಕುಳ್ಳಿರಿಸಿ.

ನಿಮ್ಮ ಮನಸ್ಸಿನ ಕುರಿತೂ ಒಂದು ಮಾತು. ಗಲ್ಫಿನಿಂದ ಕೆಲಸ ಕಳೆದುಕೊಂಡು ಮರಳಿದವರು, ಸಾಲ ಮಾಡಿ ಮಗಳಿಗೆ ಮೊಬೈಲ್ ಕೊಂಡವರು ನಿಮ್ಮಲ್ಲೇ ಇದ್ದೀರಿ. 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ಪಾಠಗಳು ಮಲೆಯಾಳದಲ್ಲಿ ಶುರುವಾದವು. ನಮ್ಮ ಮಕ್ಕಳು ಕನ್ನಡ ಪಾಠಕ್ಕೆ ಹೆಚ್ಚಾಗಿ ಮೊಬೈಲನ್ನೇ ನೆಚ್ಚಬೇಕಾಯಿತು. ಇಬ್ಬರು ಮಕ್ಕಳ ಮನೆಯಲ್ಲಿ ಒಂದು ಫೋನು, ಅದಕ್ಕೂ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್. ಕನ್ನಡ ಶಾಲೆಗೆ ಸೇರಿಸಿದ್ದೇ ತಪ್ಪಾಯಿತೋ ಎಂಬ ಕೊರಗು ಎಷ್ಟೋ ತಾಯಂದಿರನ್ನು ತಿಂದಿದೆ. ಆ ಕೊರಗು ಮಗುವಿನ ಎದುರು ಮಾತಾಗಿ ಹೊರಬಿದ್ದಾಗ ಮಗುವಿಗೆ ಕೇಳಿಸುವುದು ‘ನಾನೇ ತಪ್ಪು’ ಎಂದು. ಬೆಳಗಿನ ಮೂರಕ್ಕೇ ಎಚ್ಚರವಾಗಿ ಲೆಕ್ಕ ಹಾಕುತ್ತ ಮಲಗುವುದು, ಸಣ್ಣದಕ್ಕೆ ಕೈಯೆತ್ತುವುದು, ಕುಡಿತ ಹೆಚ್ಚುವುದು, ಇವು ಹಿರಿಯರಲ್ಲಿ ಕಾಣುವ ಚಿಹ್ನೆಗಳು. ಅವಕ್ಕೂ ಚಿಕಿತ್ಸೆ ಉಂಟು.

ಈ ಸಂಖ್ಯೆಗಳನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ.   ಕೇರಳ ಆರೋಗ್ಯ ಇಲಾಖೆಯ ‘ದಿಶಾ’, 1056. ಮಕ್ಕಳಿಗಾಗಿ ಪೊಲೀಸರು ಆರಂಭಿಸಿದ ‘ಚಿರಿ’, 9497900200. ಮಕ್ಕಳ ಸಹಾಯವಾಣಿ, 1098. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಚಿಕಿತ್ಸಾಲಯ ಯಾವ ದಿನ ಎಲ್ಲಿ ನಡೆಯುತ್ತದೆಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾವುದೇ ಕರೆಯಲ್ಲಿ ಮೊದಲ ವಾಕ್ಯವೇ ಇದಾಗಿರಲಿ: “ನನ್ನ ಮಗುವಿಗೆ ಕನ್ನಡದಲ್ಲಿ ಮಾತಾಡುವವರು ಬೇಕು.” ಸಂಕೋಚ ಬೇಡ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿ ಇದೆ. ನೋವನ್ನು ಮಾತೃಭಾಷೆಯಲ್ಲಿ ಹೇಳಿಕೊಳ್ಳುವುದಕ್ಕೆ ಅಂಥದೊಂದು ವಿಧಿ ಬರೆದಿಲ್ಲವಾದರೂ ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಶಾಲೆಯಲ್ಲಿ ಪಿ.ಟಿ.ಎ. ಸಭೆ ನಡೆಯುತ್ತದೆ. ಬಸ್ಸು, ಮಧ್ಯಾಹ್ನದ ಊಟದ ವಿಷಯಗಳು ಹೇಗೂ ಬರುತ್ತವೆ. ಅವುಗಳ ನಡುವೆ ನೀವು ಎದ್ದು, ನಮ್ಮ ಶಾಲೆಗೆ ಬರುವ ಕೌನ್ಸಿಲರ್‌ಗೆ ಕನ್ನಡ ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲವಾದರೆ ಬರುವವರನ್ನು ಕೊಡಬೇಕೆಂಬ ಬೇಡಿಕೆಯನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಯೇ ಮನೆಗೆ ಹೊರಡಿ.